ಕೆಂಪು ಕಾರಿನ ಕಾವು

ಬ್ರೇಕಿಗೆ ಲೈನರ್ ಬಡಿಯುವವಳ ಶೆಡ್ಡಿನಲ್ಲಿ ನಗುವಂಥದ್ದು ಏನು ನಡೆಯುತ್ತದೆ ಎಂದು ಕೇಳುವವರು ಒಂದು ವಾರ ಬಂದು ನಮ್ಮ ಬಾಗಿಲಲ್ಲಿ ಕೂರಬೇಕು. ಗಾಡಿ ಕೆಡುವುದು ಒಂದೇ ಕಾರಣಕ್ಕೆ, ಗಾಡಿಯವನು ಹೇಳುವ ಕಾರಣ ಮಾತ್ರ ಹತ್ತು.

ನನ್ನಿಂದ ಇದು ಆಗದು ಎಂದು ಮೊದಲು ಹೇಳಿದವರು ನನ್ನ ಭಾವ, ಗಂಡನ ಅಣ್ಣ. ನಾವು ಬಿಜಾಪುರದ ಕಡೆಯಿಂದ ಡೊಂಬಿವಲಿಗೆ ಬಂದವರು. ಗಂಡ ಅಂಬರನಾಥದ ಕಾರ್ಖಾನೆಗೆ ಹೋಗುತ್ತಿದ್ದ. ನಾನು ಒಬ್ಬ ಮುದುಕ ಮಿಸ್ತ್ರಿಯ ಹತ್ತಿರ ಕೂಲಿಗೆ ಹೋಗಿ, ಬ್ರೇಕಿನ ಸವೆದ ಲೈನರ್ ಪಟ್ಟಿ ಕಿತ್ತು ಹೊಸದಕ್ಕೆ ರಿವಿಟ್ ಹೊಡೆಯುವುದನ್ನು, ಸೋರುವ ರೇಡಿಯೇಟರಿಗೆ ಬೆಸುಗೆ ಹಾಕುವುದನ್ನು ಕಲಿತೆ. ಶೀಲ್ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದಾಗ ಭಾವ ಬಂದು ನಿಂತು ನೋಡಿದರು.

"ಹೆಣ್ಮಗಳು ಲಾರಿ ಬ್ರೇಕ್ ರಿಪೇರಿ ಮಾಡ್ತಾಳಂದ್ರ, ಆ ಲಾರಿ ಎಲ್ಲಿ ಹೋಗಿ ನಿಲ್ತದ?"

"ನಿಮ್ಮ ಮನಿ ಮುಂದ ಅಂತೂ ನಿಲ್ಲೂದಿಲ್ಲ ಬಿಡ್ರಿ ಭಾವಾರ. ಅಲ್ಲಿ ಚಹಾ ಸಿಗೂದಿಲ್ಲ."

ನಾನು ಸಾಲೆಗೆ ಹೋದವಳಲ್ಲ. ಕನ್ನಡ ಅಕ್ಷರ ಕಲಿತದ್ದು ಶೇಂಗಾ ಕಟ್ಟಿಕೊಟ್ಟ ಕಾಗದದ ಮೇಲೆ. ಇಂಗ್ಲಿಷು ಕಲಿತದ್ದು ಉಲ್ಹಾಸನಗರದ ರದ್ದಿ ಅಂಗಡಿಯಲ್ಲಿ ಸಿಕ್ಕ, ಅರ್ಧ ರಟ್ಟು ಹೋದ ಮೋಟರು ರಿಪೇರಿ ಪುಸ್ತಕದಿಂದ. ಪಕ್ಕದಲ್ಲಿ ಅರ್ಥಕೋಶ ಇಟ್ಟುಕೊಂಡು ವಾರಕ್ಕೊಂದು ಪುಟ. ಬ್ರೇಕಿನ ಅಧ್ಯಾಯ ಮುಗಿಯುವ ಹೊತ್ತಿಗೆ ಒಂದು ಮಳೆಗಾಲವೂ ಮುಗಿದಿತ್ತು.

ಶೆಡ್ಡು ನಮ್ಮ ಕಡೆಯವರೇ ಆದ ಒಬ್ಬ ಅರಿವೆ ಅಂಗಡಿಯ ಸಾಹುಕಾರರದು. ನನ್ನ ಹತ್ತಿರ ಕರಾರು ಕಾಗದ ಇರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ವರ್ಷ ಅವರ ಅಳಿಯನಿಗೆ ಟೈರ್ ಅಂಗಡಿ ಹಾಕುವ ಆಸೆ ಹುಟ್ಟಿ, ನನಗೆ ಜಾಗ ಬಿಡು ಅಂದರು. ನಾನು ಬಿಡುವುದಿಲ್ಲ ಅಂದೆ. ಆಗ ಸಾಹುಕಾರರು ತಮ್ಮ ಮಗನ ಕೆಂಪು ಕಾರಿನ ಕಡೆ ಕೈ ತೋರಿಸಿದರು.

"ಏನವಾ, ದೊಡ್ಡ ಪುಸ್ತಕ ಓದ್ತಿಯಂತ. ಈ ಕಾರು ನೀರು ಕುದಿಸಬಾರದು, ಬ್ರೇಕ್ ತಿನ್ನಬಾರದು. ಒಂದು ಸಲ ಕಸಾರಾ ಘಾಟ್ ಹತ್ತಿ ಇಳದು ಬರಲಿ, ಶೆಡ್ಡು ನಿನಗ ಕಂತಿನ ಮ್ಯಾಲೆ ಮಾರತೀನಿ. ಇಲ್ಲಂದ್ರ ಮುಂದಿನ ಮಳಿಗಾಲಕ್ಕ ಖಾಲಿ ಮಾಡು."

ಒಪ್ಪಿದೆ. ಒಪ್ಪಿದ ಮೇಲೆ ಬಾನೆಟ್ ತೆಗೆದು ನೋಡಿದೆ. ತೆಗೆದು ನೋಡಿದ ಮೇಲೆ ಒಪ್ಪಬೇಕಿತ್ತು.

ಅದು ಹಳೆಯ ಇಂಗ್ಲಿಷ್ ಕಾರು. ಸಾಹುಕಾರರ ಹುಡುಗ ಅದರ ಛಾವಣಿ ಕತ್ತರಿಸಿ, ಬೇರೆ ಯಾವುದೋ ಗಾಡಿಯ ದೊಡ್ಡ ಎಂಜಿನ್ ತಂದು ಕೂರಿಸಿ, ಎರಡು ಕಾರ್ಬುರೇಟರ್ ಹಾಕಿಸಿ, ಅದಕ್ಕೆ ಸ್ಪೋರ್ಟ್ಸ್ ಕಾರು ಎಂದು ಹೆಸರಿಟ್ಟಿದ್ದ. ರೇಡಿಯೇಟರು ಮತ್ತು ಬ್ರೇಕು ಮಾತ್ರ ಮೊದಲಿನ ಸಣ್ಣ ಎಂಜಿನ್ನಿನ ಕಾಲದವು. ಎಮ್ಮೆಗೆ ಬೆಕ್ಕಿನ ಬಟ್ಟಲಲ್ಲಿ ನೀರಿಟ್ಟ ಹಾಗೆ.

ಒಂದು: ಡಬ್ಬಿ

ರೇಡಿಯೇಟರು ಸಣ್ಣಗೆ ಸೋರುತ್ತಿದ್ದರೆ ಲಾರಿ ಡ್ರೈವರುಗಳು ಒಂದು ಚಿಟಿಕೆ ಅರಿಸಿನ ಹಾಕುತ್ತಾರೆ. ಅದು ಹೋಗಿ ತೂತಿನಲ್ಲಿ ಕೂರುತ್ತದೆ, ಊರು ಮುಟ್ಟುವವರೆಗೆ ನಡೆಯುತ್ತದೆ. ಇದನ್ನು ಹುಡುಗ ಎಲ್ಲೋ ಕೇಳಿದ್ದ. ನನ್ನ ಹತ್ತಿರ ಬೆಸುಗೆಗೆ ಬರುವ ಬದಲು ತಾಯಿಯ ಅಡಿಗೆಮನೆಗೆ ಹೋದ. ತಂದದ್ದು ಅರಿಸಿನದ ಡಬ್ಬಿಯಲ್ಲ. ವರ್ಷಕ್ಕೊಮ್ಮೆ ಕುಟ್ಟಿಸಿ ಇಡುವ ಮಸಾಲೆ ಖಾರದ ಡಬ್ಬಿ. ಹಾಕಿದ್ದೂ ಚಿಟಿಕೆಯಲ್ಲ.

ಶೀಲ್ ಫಾಟಾದ ಧಾಬಾ ಮುಂದೆ ಕಾರು ಕುದಿಯಿತು. ನಾನು ಹೋಗುವಷ್ಟರಲ್ಲಿ ಬಾನೆಟ್ಟಿನ ಸುತ್ತ ಹತ್ತು ಜನ ಲಾರಿಯವರು ನಿಂತಿದ್ದರು. ರಿಪೇರಿ ಮಾಡಲು ಬಂದವರಲ್ಲ. ಬೆಳ್ಳುಳ್ಳಿ, ಕೊಬ್ಬರಿ, ಲವಂಗ ಎಲ್ಲ ಸೇರಿದ ವಾಸನೆಗೆ ಊಟ ಬಿಟ್ಟು ಎದ್ದು ಬಂದವರು. ಒಬ್ಬ ಧಾಬಾದವನನ್ನೇ ಬಯ್ಯುತ್ತಿದ್ದ, "ನಿನ್ನ ದಾಲಿಗೆ ಈ ವಾಸನಿ ಎಂದಾದ್ರೂ ಬಂದೈತೇನು?"

"ಮೌಶಿ, ಕಾಹೀ ನಾಹೀ, ಥೋಡಾ ಗರಮ್," ಏನಿಲ್ಲ, ಸ್ವಲ್ಪ ಬಿಸಿ ಅಂತ ಮರಾಠಿಯಲ್ಲಿ ಅಂದ ಹುಡುಗ. ಇಲ್ಲೇ ಹುಟ್ಟಿದವನು, ಕನ್ನಡ ಅವನಿಗೆ ಅಪ್ಪ ಬಯ್ಯುವಾಗ ಮಾತ್ರ ಅರ್ಥವಾಗುತ್ತಿತ್ತು.

ಎರಡು ದಿನ ರೇಡಿಯೇಟರು ಬಿಚ್ಚಿ ತೊಳೆದೆ. ಕೈ ಉರಿ ನಾಲ್ಕು ದಿನ ಹೋಗಲಿಲ್ಲ. ಮೂರನೆಯ ದಿನ ಹುಡುಗನ ತಾಯಿ ಬಂದರು. ಕಾರಿನ ಕಡೆ ನೋಡಲೇ ಇಲ್ಲ.

"ಖಾರದ್ದೇನರ ಉಳದದೇನವಾ?"

"ಅರ್ಧ ಸೇರು ಬಕೇಟಿನ್ಯಾಗ ಅದರಿ. ಸೋಸಿ ಕೊಡ್ಲೇನ್ರಿ?"

ಅವರು ಬಕೇಟಿನೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ಬೇಡ ಎಂದು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತು ಎಂಬುದನ್ನು ನಾನು ಕಂಡೆ.

ಎರಡು: ಹಾರ

ದಸರೆಗೆ ಆಯುಧಪೂಜೆ. ಸಾಹುಕಾರರು ಕಾರಿನ ಮೂತಿಗೆ ಮೂರು ಎಳೆಯ ಚೆಂಡುಹೂವಿನ ಹಾರ ಹಾಕಿಸಿ, ನಡುವೆ ಮಾವಿನ ಸೊಪ್ಪು ತುರುಕಿಸಿದ್ದರು. ರೇಡಿಯೇಟರು ಉಸಿರಾಡುವುದು ಆ ಮೂತಿಯಿಂದಲೇ. ನನ್ನನ್ನೂ ಕೂರಿಸಿಕೊಂಡು ಹೊರಟರು, ಕಲ್ಯಾಣ ಮುಟ್ಟುವ ಮೊದಲೇ ನೀರು ಕುದಿಯಿತು. ಫ್ಯಾನು ಹೂವಿನ ಎಸಳುಗಳನ್ನೆಲ್ಲ ಒಳಗೆ ಎಳೆದುಕೊಂಡು ರೇಡಿಯೇಟರಿಗೆ ಹಳದಿ ಸ್ವೆಟರ್ ತೊಡಿಸಿತ್ತು.

ನಾನು ಹಾರ ಕೀಳಲು ಹೋದಾಗ ಸಾಹುಕಾರರು ಕೈ ಅಡ್ಡ ಹಿಡಿದರು. "ದೇವರ ಹೂವದು. ಮುಟ್ಟಬ್ಯಾಡ."

"ದೇವರಿಗೆ ಮುಂದೇನು, ಹಿಂದೇನ್ರಿ. ಹಿಂದಿನ ಬಂಪರಿಗೆ ಕಟ್ರಿ."

ಕಟ್ಟಿಸಿದರು. ಕಲ್ಯಾಣ ಸ್ಟೇಶನ್ ಮುಂದೆ ಸಾಹುಕಾರರು ಪೇಢೆ ಕೊಳ್ಳಲು ಇಳಿದಾಗ ಒಂದು ಎಮ್ಮೆ ಬಂದು ಹಾರ, ಮಾವಿನ ಸೊಪ್ಪು ಎಲ್ಲ ಮುಗಿಸಿ, ನಂಬರ್ ಪ್ಲೇಟನ್ನೂ ನೆಕ್ಕಿ ಹೋಯಿತು. ಆ ವರ್ಷ ಅಷ್ಟು ಶ್ರದ್ಧೆಯಿಂದ ಪೂಜೆ ಮಾಡಿದವರು ನಮ್ಮಲ್ಲಿ ಬೇರೆ ಯಾರೂ ಇರಲಿಲ್ಲ.

ಮೂರು: ಹುಣಸೆಬೀಜ

ನೀರಿನ ಕತೆ ಹೀಗಾದರೆ ಬ್ರೇಕಿನದು ಇನ್ನೊಂದು. ಲೈನರು ಆರು ವಾರಕ್ಕೆ ಸವೆದು ರಿವಿಟ್ಟು ಗಾಲಿಯೊಳಗಿನ ಡ್ರಮ್ಮನ್ನು ಕೆರೆಯುತ್ತಿತ್ತು. ಡ್ರಮ್ಮು ಕಾದು ಕಾದು ನೀಲಿಯಾಗಿತ್ತು. ಮೊದಲು ಹುಡುಗನ ಹೊಳೆಯುವ ಗಾಲಿ ಟೋಪಿಗಳನ್ನು ಕಿತ್ತೆ. ಅವು ಗಾಳಿಯನ್ನೇ ಒಳಗೆ ಬಿಡುತ್ತಿರಲಿಲ್ಲ. ಆಮೇಲೆ ಎಣ್ಣೆ ಡಬ್ಬಿಗಳನ್ನು ಕತ್ತರಿಸಿ ಕೊಳವೆ ಮಾಡಿ, ಬಂಪರಿನ ಕೆಳಗಿನಿಂದ ಗಾಳಿ ನೇರ ಡ್ರಮ್ಮಿಗೆ ಹೊಡೆಯುವಂತೆ ಕೂರಿಸಿದೆ. "ಮೌಶಿ, ಸ್ಪೋರ್ಟ್ಸ್ ಕಾರಿಗೆ ಶೇಂಗಾ ಎಣ್ಣೀ ಡಬ್ಬಿ?" ಎಂದು ಹುಡುಗ ಮರಾಠಿಯಲ್ಲಿ ಕೇಳಿ ಅಳುವ ಮುಖ ಮಾಡಿದ. "ಕೆಂಪು ಬಣ್ಣ ಬಳಕೋ," ಅಂದೆ.

ಅಷ್ಟು ಮಾಡಿದರೂ ಲೈನರು ಸವೆಯುವುದು ನಿಲ್ಲಲಿಲ್ಲ. ಒಂದು ದಿನ ನಾನೇ ಪಕ್ಕದಲ್ಲಿ ಕೂತೆ. ಸೆರಗಿನಲ್ಲಿ ಹುಣಸೆಬೀಜ ಕಟ್ಟಿಕೊಂಡು, ಅವನು ಬ್ರೇಕ್ ಒತ್ತಿದಾಗೊಮ್ಮೆ ಒಂದೊಂದು ಬೀಜ ತೆಗೆದು ಖಾಲಿ ಲೋಟಕ್ಕೆ ಹಾಕುತ್ತ ಹೋದೆ. ಕಲ್ಯಾಣದಿಂದ ಉಲ್ಹಾಸನಗರಕ್ಕೆ ಹೋಗುವಷ್ಟರಲ್ಲಿ ಲೋಟ ತುಂಬಿತು. ಅದರಲ್ಲಿ ಎತ್ತು, ಬಸ್ಸು, ಮನುಷ್ಯರಿಗಾಗಿ ಹಾಕಿದ ಬ್ರೇಕು ಎಂಟು. ಹುಡುಗಿಯರು ನಿಂತ ಬಸ್ ಸ್ಟಾಪುಗಳಿಗೆ ಎರಡು ಹಿಡಿ. ಉಳಿದದ್ದೆಲ್ಲ ದೊಡ್ಡ ಗಾಜಿನ ಕಿಟಕಿಯ ಅಂಗಡಿಗಳ ಮುಂದೆ.

"ಅಲ್ಲೋ, ಅಂಗಡಿ ಮುಂದ ಯಾಕ ನಿಲ್ಲಸ್ತಿ? ಏನೂ ಕೊಳ್ಳಂಗಿಲ್ಲ."

ಕಾರು ಗಾಜಿನಲ್ಲಿ ಹೇಗೆ ಕಾಣುತ್ತದೆ ನೋಡುತ್ತೇನೆ ಅಂದ, ತನ್ನ ಮರಾಠಿಯಲ್ಲಿ.

ಅವನು ನೋಡುತ್ತಿದ್ದದ್ದು ಕಾರನ್ನಲ್ಲ. ಹಣೆಗೂದಲು ಸರಿಮಾಡಿಕೊಂಡದ್ದನ್ನು ನಾನು ಕಂಡಿದ್ದೆ. ಅಲ್ಲೇ ಪೇಟೆಯಲ್ಲಿ ಇಳಿದು ಒಂದು ಕೈಗನ್ನಡಿ ಕೊಂಡು ತಂದು ಸ್ಟೀರಿಂಗಿನ ಪಕ್ಕ ಅಂಟಿಸಿದೆ. ಆ ಸಲ ಲೈನರು ಎರಡು ತಿಂಗಳು ಹೆಚ್ಚಿಗೆ ಬಂತು. ಈ ಉಪಾಯ ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಇರಲಿಲ್ಲ.

ನಾಲ್ಕು: ಧೋತರ

ಮೇ ತಿಂಗಳಲ್ಲಿ ಹುಡುಗನಿಗೆ ನಾಸಿಕದಲ್ಲಿ ಒಂದು ಹೆಣ್ಣು ಬಂತು, ನಮ್ಮ ಕಡೆಯದೇ ಮನೆತನ. ನೋಡಲು ಹೋಗುವುದಕ್ಕೆ ಕಸಾರಾ ಘಾಟ್ ಹತ್ತಬೇಕು. "ಇದೇ ನಿನ್ನ ಪರೀಕ್ಷಾ," ಅಂದರು ಸಾಹುಕಾರರು. ಅವರಿಗೆ ಮಗನ ಹೆಣ್ಣು ನೋಡುವ ಶಾಸ್ತ್ರವೂ ನನ್ನ ಶೆಡ್ಡೂ ಒಂದೇ ಪೆಟ್ರೋಲಿನಲ್ಲಿ ಮುಗಿಯಬೇಕಿತ್ತು. ಹಿಂದಿನ ಸೀಟಿನಲ್ಲಿ ನಾನು, ಎರಡು ಕ್ಯಾನು ನೀರು. ಮುಂದೆ ಹುಡುಗ, ಅವನ ಪಕ್ಕ ಹೊಸ ಧೋತರ ಉಟ್ಟ ಸಾಹುಕಾರರು.

ಅರ್ಧ ಘಾಟಿನಲ್ಲಿ ಕಾವಿನ ಮುಳ್ಳು ಮೇಲೇರತೊಡಗಿತು. ಪುಸ್ತಕದಲ್ಲಿ ಒಂದು ಮಾತಿತ್ತು. ಚಳಿದೇಶದ ಕಾರುಗಳಲ್ಲಿ ಕಾಲಿಗೆ ಬಿಸಿಗಾಳಿ ಬಿಡುವ ಹೀಟರ್ ಇರುತ್ತದೆ, ಅದಕ್ಕೆ ಕಾವು ಬರುವುದು ಎಂಜಿನ್ನಿನ ನೀರಿನಿಂದಲೇ. ಅದನ್ನು ಹಚ್ಚಿದರೆ ಎಂಜಿನ್ನಿನ ಕಾವು ಅಷ್ಟು ಇಳಿಯುತ್ತದೆ. ನಾನು ಹಿಂದಿನಿಂದ ಬಗ್ಗಿ ಗುಂಡಿ ಎಳೆದೆ.

ಹೀಟರಿನ ಬಾಯಿ ಇದ್ದದ್ದು ಸಾಹುಕಾರರ ಕಾಲ ಬಳಿ. ಧೋತರ ಗುಡಾರದ ಹಾಗೆ ಉಬ್ಬಿ ನಿಂತಿತು.

"ಏನಿದು, ಏನಿದು, ಬೆಂಕಿ ಬಿತ್ತೇನು?"

"ಬೆಂಕಿ ಎಂಜಿನ್ ಬಿಟ್ಟು ನಿಮ್ಮ ಕಡೆ ಬರಾಕತ್ತೈತ್ರಿ. ಹಂಗ ಬರಬೇಕು."

"ಬಂದ್ ಮಾಡು."

"ಬಂದ್ ಮಾಡಿದ್ರ ನೀರು ಕುದೀತದ. ನೀರು ಕುದ್ದರ ಶೆಡ್ಡು ನಿಮಗ. ನಾ ಯಾಕ ಬಂದ್ ಮಾಡ್ಲಿ?"

ಅವರು ಎರಡೂ ಕೈಯಿಂದ ಧೋತರ ಹಿಡಿದುಕೊಂಡು, ಪಕ್ಕದಲ್ಲಿ ಹೋಗುವ ಬಸ್ಸಿನವರೆಲ್ಲ ನೋಡುತ್ತಿರುವಾಗ, ಉಳಿದ ಘಾಟು ಹತ್ತಿದರು. ಮುಳ್ಳು ಇಳಿಯಿತು. ನೀರು ಕುದಿಯಲಿಲ್ಲ.

ಹೆಣ್ಣಿನ ಮನೆಯ ಬಾಗಿಲಲ್ಲಿ ಪದ್ಧತಿಯಂತೆ ಕಾಲಿಗೆ ನೀರು ಕೊಟ್ಟರು. ಸಾಹುಕಾರರು ಒಂದು ತಂಬಿಗೆ ಸುರಿದುಕೊಂಡರು. ಇನ್ನೊಂದು ಕೇಳಿದರು. ಮೊಣಕಾಲವರೆಗೆ ಸುರಿದುಕೊಂಡು ಮತ್ತೊಂದು ಕೇಳಿದರು. ಐದನೆಯ ತಂಬಿಗೆಗೆ ಕಣ್ಣು ಮುಚ್ಚಿ ಶಿವಶಿವಾ ಅಂದರು. ಒಳಗಿನಿಂದ ನೋಡುತ್ತಿದ್ದ ಹೆಣ್ಣಿನ ತಂದೆ ನನಗೆ ಕೇಳುವ ಹಾಗೆ ಹೆಂಡತಿಗೆ ಹೇಳಿದರು, "ಇಂಥಾ ಮಡಿವಂತರು ಈಗಿನ ಕಾಲದಾಗ ಎಲ್ಲಿ ಸಿಗ್ತಾರ?"

ಐದು: ಇಳಿಜಾರು

ಅವಲಕ್ಕಿ ಆಯಿತು, ಚಹಾ ಆಯಿತು, ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ್ದಾಯಿತು. ಹುಡುಗ ಅವಲಕ್ಕಿಯ ತಟ್ಟೆಯನ್ನು ತಲೆಕೆಳಗಾಗಿ ಹಿಡಿದದ್ದರಿಂದ ಅವನಿಗೆ ಒಪ್ಪಿಗೆ ಎಂದು ಎಲ್ಲರಿಗೂ ತಿಳಿಯಿತು. ಹೆಣ್ಣಿನವರು ಮಾತ್ರ ಗಂಡಿನ ಮನೆ ನೋಡಿ ಹೇಳುತ್ತೇವೆ ಅಂದರು. ನೋಡಲು ಹುಡುಗಿಯ ಅಜ್ಜಿಯೇ ನಮ್ಮ ಜೊತೆ ಹೊರಟಳು. ಹಿಂದೆ ನನ್ನ ಪಕ್ಕ ಅಜ್ಜಿ, ಅಜ್ಜಿಯ ಪಕ್ಕ ಹೆಣ್ಣಿನವರು ಕೊಟ್ಟ ಒಂದು ಚೀಲ ಉಳ್ಳಾಗಡ್ಡಿ.

ಈಗ ಉಳಿದದ್ದು ಇಳಿಯುವುದು. ಇಷ್ಟು ಭಾರ ಇಟ್ಟುಕೊಂಡು ಹುಡುಗ ತನ್ನ ಚಾಳಿಯಂತೆ ಬ್ರೇಕಿನ ಮೇಲೆ ಕಾಲಿಟ್ಟು ಇಳಿದರೆ ಅರ್ಧ ದಾರಿಗೆ ಲೈನರು ಸುಟ್ಟು ಹೊಗೆಯಾಗುತ್ತದೆ. ಸುಟ್ಟರೆ ಶೆಡ್ಡು ಹೋಯಿತು, ಅದಕ್ಕಿಂತ ಮೊದಲು ನಾವು ನಾಲ್ಕು ಜನ ಹೋದೆವು. ಇಳಿಜಾರಿನಲ್ಲಿ ಗಾಡಿಯನ್ನು ಗೇರು ಹಿಡಿಯಬೇಕು, ಬ್ರೇಕಲ್ಲ. ಹತ್ತು ಸಲ ಹೇಳಿದೆ. ಹತ್ತು ಸಲವೂ "ಹೋ ಮೌಶಿ" ಅಂದ, ಮರಾಠಿಯಲ್ಲಿ ಹೂಂ ಅಂತ. ಅವನ ಬಲಗಾಲು ಹೋ ಅನ್ನಲಿಲ್ಲ.

ಘಾಟಿನ ತಲೆಯ ಮೇಲೆ ದೇವಿಯ ಗುಡಿ. ಎಲ್ಲ ಗಾಡಿಗಳೂ ಅಲ್ಲಿ ನಿಂತು ಹೋಗುತ್ತವೆ. ನಾನೂ ಇಳಿದು, ಪೂಜಾರಿಯಿಂದ ಒಂದು ನಿಂಬೆಹಣ್ಣು ತಂದು, ದಾರದಿಂದ ಬ್ರೇಕಿನ ಪೆಡಲ್ಲಿನ ಮೇಲೆ ಕಟ್ಟಿದೆ.

"ದೇವೀ ಪ್ರಸಾದ ಇದು. ಇದನ್ನ ತುಳದ್ರ ಈ ಮದುವಿ ಮುರೀತದ. ತಿಳೀತಿಲ್ಲೋ?"

ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಅವನಿಗೂ ಅಷ್ಟೇನೂ ಇರಲಿಕ್ಕಿಲ್ಲ, ಸಣ್ಣ ಪುಟ್ಟದಕ್ಕೆ ಪೆಡಲ್ ತುಳಿಯದಿದ್ದರೆ ಸಾಕು, ನಿಜವಾಗಿ ಬೇಕಾದಾಗ ತುಳಿದೇ ತುಳಿಯುತ್ತಾನೆ ಎಂದುಕೊಂಡೆ. ನಿಂಬೆಹಣ್ಣೇನು ಬಂಡೆಯಲ್ಲ. ಆದರೆ ಅವನು ಬೆಳಗ್ಗೆ ಹುಡುಗಿಯನ್ನು ನೋಡಿದ್ದ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎರಡನೇ ಗೇರಿನಲ್ಲಿ ಇಳಿದೆವು. ಎಷ್ಟು ಮೆಲ್ಲಗೆ ಅಂದರೆ ಲಾರಿಯವರು ದಾಟಿ ಹೋಗುವಾಗ ನಮ್ಮ ಕ್ಷೇಮ ವಿಚಾರಿಸುತ್ತಿದ್ದರು. ಹುಡುಗ ಬಲಗಾಲನ್ನು ಬಾಗಿಲ ಕಡೆ ಒತ್ತಿ ಹಿಡಿದಿದ್ದ. ಒಂದು ತಿರುವಿನಲ್ಲೂ ಪೆಡಲ್ ಮುಟ್ಟಲಿಲ್ಲ. ಘಾಟು ಮುಗಿಯಿತು. ಬಯಲು ಬಂತು. ನಾನು ಮನಸ್ಸಿನಲ್ಲೇ ಶೆಡ್ಡಿಗೆ ಬಣ್ಣ ಹಚ್ಚತೊಡಗಿದೆ.

ಆಗ ಮುಂದೆ ಒಂದು ಹುಲ್ಲಿನ ಗಾಡಿ ರಸ್ತೆಗೆ ಅಡ್ಡ ಬಂತು.

"ಬ್ರೇಕ್ ಒತ್ತೋ," ಅಂದೆ.

ಅವನು ಪೆಡಲ್ ನೋಡಿದ. ಹುಲ್ಲು ನೋಡಿದ. ಮತ್ತೆ ಪೆಡಲ್ ನೋಡಿದ.

"ಒತ್ತೋ ಮಂಗ್ಯಾ, ಅದು ಬರೇ ನಿಂಬೀಹಣ್ಣು."

"ಮದುವಿ ಮುರೀತದ ಮೌಶಿ," ಅಂದ, ಒಂದು ಅಕ್ಷರವೂ ತಪ್ಪದ ಕನ್ನಡದಲ್ಲಿ, ಮತ್ತು ಎತ್ತುಗಳನ್ನು ತಪ್ಪಿಸಿ ಕಾರನ್ನು ಮೆತ್ತಗೆ ಹುಲ್ಲಿನೊಳಗೆ ಹೊಗಿಸಿದ.

ಯಾರಿಗೂ ಏನೂ ಆಗಲಿಲ್ಲ. ಎತ್ತುಗಳು ತಿರುಗಿ ನೋಡಿ, ನಮ್ಮ ಮೇಲೆ ಬಿದ್ದ ಹುಲ್ಲು ತಿನ್ನತೊಡಗಿದವು. ಸಾಹುಕಾರರು ಹುಲ್ಲಿನೊಳಗಿನಿಂದ ತಲೆ ಹೊರಗೆ ಹಾಕಿ ನನಗೆ ಹೇಳಿದ ಮೊದಲ ಮಾತು, "ಶೆಡ್ಡು ಖಾಲಿ ಮಾಡು."

ನಾನು ಜಾಕ್ ಹಚ್ಚಿ, ಮುಂದಿನ ಗಾಲಿ ಬಿಚ್ಚಿ, ಅವರ ಕೈ ಹಿಡಿದು ಡ್ರಮ್ಮಿನ ಮೇಲೆ ಇಡಿಸಿದೆ. ತಣ್ಣಗಿತ್ತು. ಡ್ರಮ್ಮು ಕಳಚಿ ಲೈನರು ತೋರಿಸಿದೆ. ಕೂರಿಸಿದ ದಿನ ಹೇಗಿತ್ತೋ ಹಾಗೇ ಇತ್ತು.

"ನೀರು ಕುದೀಬಾರದಂದ್ರಿ, ಕುದೀಲಿಲ್ಲ. ಬ್ರೇಕ್ ತಿನ್ನಬಾರದಂದ್ರಿ, ತಿನ್ನಲಿಲ್ಲ. ಹುಲ್ಲಿನ ಮಾತು ನಮ್ಮಿಬ್ಬರ ನಡುವ ಬಂದೇ ಇರಲಿಲ್ರಿ ಸಾಹುಕಾರ್ರ."

"ಬ್ರೇಕ್ ಹಾಕಲೇ ಇಲ್ಲ, ತಿನ್ನೂದೆಲ್ಲಿಂದ ಬಂತು?"

ಇಬ್ಬರೂ ದನಿ ಏರಿಸಿದೆವು. ಅಷ್ಟು ಹೊತ್ತು ಸೀರೆಯ ಮೇಲಿನ ಹುಲ್ಲು ಒಂದೊಂದೇ ಕಡ್ಡಿ ತೆಗೆಯುತ್ತಿದ್ದ ಅಜ್ಜಿ ಹುಡುಗನನ್ನು ಹತ್ತಿರ ಕರೆದಳು.

"ಯಪ್ಪಾ, ನಿಂಬೀಹಣ್ಣು ಯಾಕ ತುಳೀಲಿಲ್ಲ?"

ಅವನು ತಲೆ ತಗ್ಗಿಸಿ ಕಾರಣ ಹೇಳಿದ. ಅಜ್ಜಿ ಅವನ ಅಂಗಿಯ ಮೇಲಿನ ಹುಲ್ಲನ್ನೂ ಕೊಡವಿದಳು. ಆಮೇಲೆ ಸಾಹುಕಾರರ ಕಡೆ ತಿರುಗಿದಳು.

"ನಮ್ಮ ಯಜಮಾನ ನಲವತ್ತು ವರ್ಷದಾಗ ನನ್ನ ಸಲುವಾಗಿ ಒಂದು ಸೈಕಲ್ ಸೈತ ಬಾಜೂಕ ಸರಿಸಲಿಲ್ಲ. ಈ ಹುಡುಗ ನಮ್ಮ ಹುಡುಗೀ ಸಲುವಾಗಿ ಹುಲ್ಲಿನ್ಯಾಗ ಹೊಕ್ಕ. ಮನಿ ನೋಡೂದೇನೂ ಬ್ಯಾಡ, ಮುಹೂರ್ತ ತಗೀರಿ. ಮತ್ತ ಆ ನಿಂಬೀಹಣ್ಣು ಕಟ್ಟಿದಾಕೀಗಿ ಏನು ಮಾತು ಕೊಟ್ಟೀರಿ, ಅದನ್ನ ನಡಸ್ರಿ. ಮಾತಿಗಿ ತಪ್ಪೋ ಬೀಗರು ನಮಗ ನಡಿಯಂಗಿಲ್ಲ."

ಸಾಹುಕಾರರು ಕಿವಿಯೊಳಗಿನ ಹುಲ್ಲುಕಡ್ಡಿ ತೆಗೆದು, "ನಡಸ್ತೀನ್ರಿ," ಅಂದರು.

ಈಗ ಶೆಡ್ಡು ನನ್ನ ಹೆಸರಿನಲ್ಲಿದೆ. ಅದರೊಳಗೆ ರಿವಿಟ್ ಹೊಡೆಯುವ ಎರಡು ಯಂತ್ರ, ಡ್ರಮ್ಮು ಕಡೆಯುವ ಒಂದು ಲೇಥು, ಗೋಡೆಗೆ ಒಂದು ಸಾಲು ಪುಸ್ತಕ, ಎಲ್ಲ ನನ್ನವೇ. ಇದಕ್ಕೆ ತೆತ್ತದ್ದು ಏಳು ವರ್ಷದ ಕಂತು, ಲೇಥಿನ ಸಲುವಾಗಿ ಮಾರಿದ ನಾಲ್ಕು ಬಳೆ, ಎಡಗೈ ಹೆಬ್ಬೆರಳಿನ ಉಗುರು, ಮತ್ತು ಇಪ್ಪತ್ತು ಪೆಂಡಿ ಹುಲ್ಲು. ಸಾಹುಕಾರರು ಕಂತಿಗೆ ಒಪ್ಪಿದರು, ಲೇಥಿನವನು ಬಳೆಗೆ ಒಪ್ಪಿದ, ಹುಲ್ಲಿನವನು ಮಾತ್ರ ಯಾವುದಕ್ಕೂ ಒಪ್ಪಲಿಲ್ಲ. ಅಲ್ಲೇ ರಸ್ತೆಯ ಮೇಲೆ ನಿಂತು ಪೂರಾ ನಗದು ಎಣಿಸಿಕೊಂಡ, ಮೇಲೆ ಒಂದು ಸೇರು ಉಳ್ಳಾಗಡ್ಡಿಯನ್ನೂ ತೆಗೆದುಕೊಂಡ.