ಮೂರು ಸಲ ಸತ್ತ ಭಾವಮೈದುನ

ಸುಳ್ಳು ಎಲ್ಲೇ ಇರಲಿ, ಕಿವಿ ಹಿಡಿದು ಹೊರಗೆಳೆಯದೆ ಬಿಡುವ ಆಸಾಮಿ ನಾನಲ್ಲ! ನಾನು ವಿಮಾ ಕಂಪನಿಯ ಸರ್ವೇಯರ್. ಅಪಘಾತವಾದ ಗಾಡಿಯ ಸುತ್ತ ಒಂದು ಸುತ್ತು ಬಂದು, "ಸ್ವಾಮೀ, ಲಾರಿ ಗುದ್ದಿದ್ದು ಹಿಂದಿನಿಂದ, ಒಡೆದದ್ದು ಮುಂದಿನ ಗಾಜು. ಹೇಗೆ?" ಎಂದು ಕೇಳಿ ಘಟಾನುಘಟಿಗಳ ಬೆವರಿಳಿಸಿದವನು. ಇಂಥ ಕಣ್ಣಿಗೆ ಯುದ್ಧದ ಸಿನಿಮಾ ಎಂದರೆ ಸುಗ್ಗಿಯೋ ಸುಗ್ಗಿ. ಹೀರೋನ ಪಿಸ್ತೂಲು ಅಕ್ಷಯಪಾತ್ರೆ, ಗುಂಡು ಮುಗಿಯುವುದೇ ಇಲ್ಲ. ಕೆಸರಿನಲ್ಲಿ ಉರುಳಿದವನು ಮರುಕ್ಷಣ ಇಸ್ತ್ರಿ ಮುರಿಯದ ಸಮವಸ್ತ್ರದಲ್ಲಿ ಎದ್ದು ನಿಲ್ಲುತ್ತಾನೆ. ಇದನ್ನೆಲ್ಲ ನೋಡಿಯೂ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾತಕದಲ್ಲೇ ಬರೆದಿಲ್ಲ.

ಹಾಗಾಗಿ ಭಾವಮೈದುನ ಬಂದು, "ಭಾವ, ನಾನು ಯುದ್ಧದ ಸಿನಿಮಾದಲ್ಲಿ ಸೈನಿಕನ ಪಾರ್ಟು ಮಾಡಿದೀನಿ, ನೀವೆಲ್ಲ ಬರ್ಬೇಕು" ಎಂದಾಗ ನನ್ನ ಹೆಂಡತಿಯ ಮುಖದಲ್ಲಿ ಸಂತೋಷದ ಹಿಂದೆಯೇ ಭಯ ಹಾದುಹೋಯಿತು.

ಭಾವಮೈದುನ ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿಗಳ ಮುಂದೆ ಹಾಸಿಗೆಯ ಮೇಲೆ ಮಲಗಿ ತೋರಿಸಿ ತೋರಿಸಿ ಅವನಿಗೆ ಬೀಳುವ ಕಲೆ ಸಿದ್ಧಿಸಿತ್ತು. ಸಿನಿಮಾದವರಿಗೆ ಬೇಕಾಗಿದ್ದೂ ಅದೇ.

"ಇನ್ನೊಂದು ವಿಷಯ," ಎಂದು ಅವನು ನಾಚಿಕೊಂಡ. "ನನ್ನ ಜೊತೆ ಕೆಲಸ ಮಾಡೋ ಒಬ್ಬಳು ಹುಡುಗೀನೂ ಬರ್ತಾಳೆ. ಅಮ್ಮ ಅವಳನ್ನ ನೋಡಿ ಒಪ್ಪಿದ್ರೆ..."

ಹಾಸಿಗೆ ಅಂಗಡಿಯ ಹುಡುಗಿ! ನಾವೆಲ್ಲ ಹಾಗೇ ತಿಳಿದೆವು. ಅವನು ಹೋದ ಮೇಲೆ ಹೆಂಡತಿ ನನ್ನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ಥಿಯೇಟರ್‌ನಲ್ಲಿ ತುಟಿ ಪಿಟಕ್ ಅನ್ನಬಾರದು. ನನ್ನ ತಮ್ಮನ ಮದುವೆ ವಿಷಯ!"

"ಸುಳ್ಳು ಕಂಡರೆ?"

"ಕಣ್ಣು ಮುಚ್ಕೊಳ್ಳಿ."

"ಕಣ್ಣು ಮುಚ್ಚೋದಕ್ಕೆ ಟಿಕೆಟ್ ಯಾಕೆ?"

"ಹಾಗಾದ್ರೆ ಬಾಯಿಗೆ ಬ್ಯಾಂಡೇಜ್ ಹಾಕ್ತೀನಿ!"

ನಾನು ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಗಂಭೀರವಾಗಿ ಕೆಮ್ಮಿದೆ.

ಭಾನುವಾರ ಬೆಳಗಿನ ಆಟಕ್ಕೆ ನಮ್ಮ ದಂಡು ಹೊರಟಿತು. ಹುಡುಗಿ ಸಣ್ಣಗಿದ್ದಳು, ಮಾತು ಕಡಿಮೆ. ಆದರೆ ಎಲ್ಲರನ್ನೂ ತಲೆಯಿಂದ ಕಾಲಿನವರೆಗೆ ಒಮ್ಮೆ ದಿಟ್ಟಿಸಿ ನೋಡುವ ಅಭ್ಯಾಸ. ಹೊಸಬರ ಪಕ್ಕದಲ್ಲಿ ಮರ್ಯಾದೆಯಿಂದ ಇದ್ದಾನು ಎಂಬ ಲೆಕ್ಕಾಚಾರದಿಂದ ಹೆಂಡತಿ ನನ್ನನ್ನು ಆ ಹುಡುಗಿಯ ಪಕ್ಕವೇ ಕೂರಿಸಿ, ಇನ್ನೊಂದು ಪಕ್ಕದಲ್ಲಿ ತಾನೇ ಕಾವಲು ಕೂತಳು. ಅವಳಾಚೆ ಅತ್ತೆ, ಅತ್ತೆಯಾಚೆ ಭಾವಮೈದುನ.

ದೀಪ ಆರಿತು. ಯುದ್ಧ ಶುರುವಾಯಿತು. ಅಜ್ಜಂದಿರ ಕಾಲದ ಯುದ್ಧವಂತೆ. ಆದರೆ ಹೆಂಚಿನ ಮನೆಗಳ ಮೇಲೆ ಟಿವಿ ಡಿಶ್‌ಗಳು ಅಣಬೆಗಳ ಹಾಗೆ ಎದ್ದಿದ್ದವು! ನುಂಗಿಕೊಂಡೆ. ಸೇನಾಪತಿ "ಸೂರ್ಯ ಹುಟ್ಟುವ ಮುಂಚೆ ನುಗ್ಗಿ!" ಎಂದು ಅಬ್ಬರಿಸಿದ. ಅವನ ನೆರಳು ಮಟಮಟ ಮಧ್ಯಾಹ್ನದಂತೆ ಕಾಲ ಬುಡದಲ್ಲೇ ಮುದುಡಿ ಕೂತಿತ್ತು! ಅದನ್ನೂ ನುಂಗಿದೆ. ಹೊಟ್ಟೆ ಉಬ್ಬರಿಸತೊಡಗಿತು.

ಅಷ್ಟರಲ್ಲಿ ಗಡಗಡನೆ ಟ್ಯಾಂಕು ಬಂತು.

"ಇದು ಟ್ಯಾಂಕಲ್ಲ, ಲಾರಿ!" ಎಂದುಬಿಟ್ಟೆ. "ತಗಡು ಹೊಡೆದಿದ್ದಾರೆ. ಆ ಎಡಗಡೆ ಮಡ್‌ಗಾರ್ಡ್ ನೋಡು. ಆ ನೆಗ್ಗನ್ನ ನಾನೇ ಸರ್ವೆ ಮಾಡಿದ್ದೆ!"

ಹೆಂಡತಿ ತೊಡೆ ಚಿವುಟಿದಳು. ಅಣೆಕಟ್ಟು ಒಡೆದ ಮೇಲೆ ಚಿವುಟಿ ಏನು ಪ್ರಯೋಜನ?

ಭಾವಮೈದುನ ಪರದೆಯ ಮೇಲೆ ಪ್ರತ್ಯಕ್ಷನಾದ. ಎಡಗೈಗೆ ಬ್ಯಾಂಡೇಜ್. ಹೀರೋನ ಕಡೆ ತಿರುಗಿದ. ಬ್ಯಾಂಡೇಜ್ ಬಲಗೈಯಲ್ಲಿ! ಎದೆಗೆ ಗುಂಡು ಬಿತ್ತು. ಕುಸಿದ.

"ಅಯ್ಯೋ ನನ್ನ ಕಂದಾ!" ಅತ್ತೆ ಸೆರಗು ಬಾಯಿಗಿಟ್ಟು ಬಿಕ್ಕಿದರು. ಸತ್ತ ಕಂದ ಆಚೆ ಸೀಟಿನಲ್ಲಿ ಪಾಪ್‌ಕಾರ್ನ್ ತಿನ್ನುತ್ತಿದ್ದ.

ಅವರ ಕಣ್ಣೀರು ಆರುವ ಮೊದಲೇ ಅದೇ ಭಾವಮೈದುನ ಮೀಸೆ ಅಂಟಿಸಿಕೊಂಡು ನದಿ ದಾಟುತ್ತಿದ್ದ. ಡಮಾರ್! ಮತ್ತೆ ಸತ್ತ. ಅತ್ತೆ ಗೊಂದಲದಿಂದ ಅರ್ಧ ಅತ್ತರು.

"ಪೂರ್ತಿ ಅಳಬೇಡಿ ಅತ್ತೆ," ಎಂದೆ. "ಇನ್ನೂ ಬರ್ತಾನೆ, ಸ್ವಲ್ಪ ಉಳಿಸ್ಕೊಳ್ಳಿ!"

ಹಿಂದಿನ ಸಾಲಿನಲ್ಲಿ ನಗೆ ಎದ್ದಿತು. ಪಕ್ಕದಲ್ಲಿ ಹುಡುಗಿ ಸೀಟಿನಲ್ಲಿ ಕೆಳಕೆಳಗೆ ಜಾರುತ್ತಿದ್ದಳು. ನಗು ತಡೆಯುತ್ತಿದ್ದಾಳೆ ಎಂದುಕೊಂಡು ನನಗೆ ಇನ್ನಷ್ಟು ಹುರುಪು!

"ನೋಡಮ್ಮ, ಇದನ್ನೆಲ್ಲ ಸರಿ ನೋಡ್ಕೊಳ್ಳೋಕೆ ಸಿನಿಮಾದಲ್ಲಿ ಒಬ್ಬರನ್ನ ಇಟ್ಟಿರ್ತಾರಂತೆ. ಯಾವ ಕತ್ತೇನ ಇಟ್ಟಿದ್ರೋ! ಬ್ಯಾಂಡೇಜ್ ಕಟ್ಟೋಕೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲ."

ಅವಳು ಇನ್ನೂ ಕೆಳಗೆ ಜಾರಿದಳು.

ಕೊನೆಯ ಕಾಳಗ. ಶತ್ರುಗಳ ದಂಡು ಬೆಟ್ಟ ಇಳಿದು ಬಂತು. ಮುಂಚೂಣಿಯಲ್ಲಿ, ಶತ್ರುವಿನ ಸಮವಸ್ತ್ರದಲ್ಲಿ, ಯಾರು? ನನ್ನ ಭಾವಮೈದುನ! ನಾನು ಎದ್ದು ನಿಂತು ಕಿರುಚಿದೆ.

"ದ್ರೋಹಿ! ನಮ್ಮ ಕಡೆ ಸತ್ತು ಅವರ ಕಡೆ ಹುಟ್ಟಿದ್ಯಲ್ಲೋ!"

ಇಡೀ ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಪರದೆಯ ಮೇಲೆ ಅವನು ಗುಂಡು ತಿಂದು ಮೂರನೇ ಸಲ ಸತ್ತ. ಹೀರೋ ಕಣ್ಣೀರಿಡುತ್ತ ಬಾವುಟ ನೆಡುವಾಗ ಜನ "ಒನ್ಸ್ ಮೋರ್, ಮತ್ತೆ ಸಾಯಪ್ಪಾ!" ಎಂದು ಶಿಳ್ಳೆ ಹೊಡೆದರು. ಭಾವಮೈದುನ ಪಾಪ್‌ಕಾರ್ನ್ ಪೊಟ್ಟಣದಲ್ಲಿ ಮುಖ ಹುದುಗಿಸಿದ.

ಹೊರಗೆ ಲಾಬಿಯಲ್ಲಿ ನಮ್ಮ ಸಂಸಾರದ ಎರಡನೇ ಯುದ್ಧ ಶುರು.

"ನನ್ನ ತಮ್ಮನ ಮಾನ ಹರಾಜು ಹಾಕಿದ್ರಿ!" ಹೆಂಡತಿ ಉರಿದುಬಿದ್ದಳು.

"ಮೂರು ಸಲ ಸತ್ತವನಿಗಿಲ್ಲದ ನಾಚಿಕೆ ಒಂದು ಸಲ ನೋಡಿದವನಿಗೆ ಯಾಕೆ? ನಾನು ಹೇಳಿದ್ರಲ್ಲಿ ಒಂದಾದ್ರೂ ಸುಳ್ಳಿದ್ಯಾ?"

"ಭಾವ," ಭಾವಮೈದುನ ಹುಡುಗಿಯ ಪಕ್ಕಕ್ಕೆ ಬಂದು ನಿಂತ. "ನೀವು ಕತ್ತೆ ಅಂದಿರಲ್ಲ, ಅದು ಇವಳೇ. ಒಂದು ಶಾಟ್‌ಗೂ ಇನ್ನೊಂದಕ್ಕೂ ಹೊಂದಿಕೆ ಇದ್ಯಾ ಅಂತ ನೋಡೋ ಕೆಲಸ ಇವಳದ್ದೇ. ಅಂಗಡಿಯವಳಲ್ಲ. ಸಿನಿಮಾದವಳು."

ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಅತ್ತೆ ನನ್ನತ್ತ ಬೀರಿದ ನೋಟಕ್ಕೆ ನಿಜವಾದ ಟ್ಯಾಂಕೂ ಹಿಂದೆ ಸರಿಯುತ್ತಿತ್ತು. ಆದರೂ ನಾನು ಎದೆ ಸೆಟೆಸಿಯೇ ನಿಂತೆ. ಕತ್ತೆ ಎಂದದ್ದು ತಪ್ಪು, ಬ್ಯಾಂಡೇಜ್ ಎಂದದ್ದು ತಪ್ಪಲ್ಲ!

"ಕತ್ತೆ ಅಂದಿದ್ದಕ್ಕೆ ಕ್ಷಮಿಸಮ್ಮ. ಆದ್ರೆ ಒಬ್ಬನೇ ಮೂರು ಸಲ ಹೇಗೆ ಸಾಯ್ತಾನೆ?"

ಹುಡುಗಿ ಕಣ್ಣೊರೆಸಿಕೊಂಡು ನೇರವಾಗಿ ನೋಡಿದಳು.

"ಇವರಿಗೆ ಇದ್ದದ್ದು ಒಂದೇ ಸಾವು ಸರ್. ಸತ್ತ ದಿನಾನೇ ಕೆಲಸ ಮುಗಿದು ಹೋಗ್ಬಿಡೋರು. ಮತ್ತೆ ನಾನು ನೋಡೋದು ಯಾವಾಗ? ಅದಕ್ಕೇ ಮೀಸೆ ಅಂಟಿಸಿದೆ. ಆಮೇಲೆ ನಮ್ಮ ಕಡೆ ಜಾಗ ಇರ್ಲಿಲ್ಲ, ಶತ್ರುಗಳ ಕಡೆ ಸೇರಿಸ್ದೆ."

"ಮತ್ತೆ ಬ್ಯಾಂಡೇಜು?"

"ಅದನ್ನ ಕಟ್ಟುವಾಗ ಇವರು ನನ್ನ ಕೈ ಹಿಡ್ಕೊಂಡ್ರು. ಎಡ ಯಾವುದು ಬಲ ಯಾವುದು ನಿಜವಾಗ್ಲೂ ಗೊತ್ತಾಗ್ಲಿಲ್ಲ."

ಅತ್ತೆ ಕರಗಿ ನೀರಾದರು. ಹುಡುಗಿಯ ಗಲ್ಲ ಹಿಡಿದು, "ಇವನನ್ನ ಇನ್ನೂ ಹತ್ತು ಸಲ ಸಾಯಿಸು ತಾಯಿ, ಒಪ್ಪಿದೆ!" ಎಂದರು. ಹೆಂಡತಿಯೂ ಸೆರಗಿನಿಂದ ಮೂಗೊರೆಸಿಕೊಂಡಳು. ಭಾವಮೈದುನ ಮೂರು ಸಾವಿನ ನಂತರ ಮೊದಲ ಸಲ ಬದುಕಿದ.

ನಾನು ಸೋಲುವವನೇ?

"ಪ್ರೀತಿ ಸರಿ. ಹಾಗಂತ ಲಾರೀನ ಟ್ಯಾಂಕ್ ಅನ್ನೋಕಾಗಲ್ಲ. ಕಣ್ಣು ಅಂದ್ರೆ ಹೀಗಿರ್ಬೇಕಮ್ಮ, ಒಂದು ತಪ್ಪೂ ತಪ್ಪಿಸ್ಕೋಬಾರ್ದು!"

ಅವಳು ಅಭ್ಯಾಸದಂತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕಾಲಿನ ಹತ್ತಿರ ನೋಟ ನಿಂತಿತು.

"ಭಾವ, ಒಳಗೆ ಹೋಗುವಾಗ ನಿಮ್ಮದು ಎರಡೂ ಕಪ್ಪು ಶೂ. ಈಗ ಬಲಗಾಲಿನದು ಮಾತ್ರ ಕಂದು."

ಬಗ್ಗಿ ನೋಡಿದೆ. ನಿಜ! ಆರಾಮಕ್ಕೆಂದು ಶೂ ಕಳಚಿಟ್ಟು ಕೂತಿದ್ದವನು ಕತ್ತಲಲ್ಲಿ ಯಾರದ್ದೋ ಶೂಗೆ ಕಾಲು ತೂರಿಸಿದ್ದೆ. ತಲೆ ಎತ್ತಿದರೆ ಲಾಬಿಯ ಆ ತುದಿಯಿಂದ, ಒಂದು ಕಾಲಿಗೆ ಕಂದು, ಇನ್ನೊಂದಕ್ಕೆ ನನ್ನ ಕಪ್ಪು ಶೂ ಅರ್ಧ ಮಾತ್ರ ತುರುಕಿಕೊಂಡ ಪೈಲ್ವಾನನಂಥ ಆಸಾಮಿಯೊಬ್ಬ, ಕುಂಟುತ್ತ, ಎಲ್ಲರ ಕಾಲುಗಳನ್ನೂ ಪರಿಶೀಲಿಸುತ್ತ, ನೇರ ನನ್ನತ್ತಲೇ ಬರುತ್ತಿದ್ದ. ಅಂಗಿಯ ತೋಳು ಮಡಿಸುತ್ತಿದ್ದ.

ನಾನು ಹೆಂಡತಿಯ ಹಿಂದೆ ಸರಿದೆ. ಅವಳು ಸರಕ್ಕನೆ ಪಕ್ಕಕ್ಕೆ ಜರುಗಿ ದಾರಿ ಬಿಟ್ಟಳು.

"ರೀ, ಇದು ಅಸಲಿ ಯುದ್ಧ. ಇದ್ರಲ್ಲೇನಾದ್ರೂ ತಪ್ಪು ಕಂಡ್ರೆ ಜೋರಾಗಿ ಕೂಗಿ ಹೇಳಿ!"