ಮನಿ ಬ್ಯಾಡ, ವಿಳಾಸ ಕೊಡ್ರಿ

ಶಂಕರಪ್ಪ ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಹಳೆಯ ಬನಿಯನ್ನಿನಿಂದ ಸ್ಕೂಟರಿನ ಚಕ್ರಕ್ಕೆ ಮೆತ್ತಿದ ಮರಳನ್ನು ಒರೆಸುತ್ತಿದ್ದ. ಹೆಂಡತಿ ಲಕ್ಷ್ಮೀ ಬಾಗಿಲಲ್ಲಿ ನಿಂತು ನೋಡಿದಳು. ಗಂಡ ಸ್ಕೂಟರಿಗೆ ಇಷ್ಟು ಉಪಚಾರ ಮಾಡುತ್ತಿದ್ದಾನೆಂದರೆ ಯಾರ ಮೇಲೋ ಸಿಟ್ಟಿದೆ ಎಂದು ಅವಳಿಗೆ ಗೊತ್ತು.

“ಇವತ್ತ ಯಾರ ಮ್ಯಾಲ್ರೀ?”

“ನನ್ನ ಮ್ಯಾಲನ. ಲೈಸೆನ್ಸ್ ಈ ವಾರ ಮುಗೀತೈತಿ. ಅದರಾಗ ಇನ್ನೂ ವಿಜಯವಾಡದ ಮನಿ ಐತಿ.”

ಬ್ಯಾಂಕಿನವರು ಶಂಕರಪ್ಪನನ್ನು ರಾಣೆಬೆನ್ನೂರಿನಿಂದ ವಿಜಯವಾಡಕ್ಕೂ, ಅಲ್ಲಿಂದ ವಿಶಾಖಪಟ್ಟಣಕ್ಕೂ ವರ್ಗ ಮಾಡಿದ್ದರು. ಸಾಮಾನು ಬಂತು, ಗ್ಯಾಸು ಬಂತು, ತುಳಸಿ ಕುಂಡವೂ ಬಂತು; ಲೈಸೆನ್ಸಿನ ವಿಳಾಸ ಮಾತ್ರ ಅಲ್ಲೇ ಉಳಿಯಿತು. ಇಲ್ಲಿ ನವೀಕರಿಸಬೇಕೆಂದರೆ ಇಲ್ಲಿಯ ವಿಳಾಸ ಬೇಕು. ಇಲ್ಲವಾದರೆ ವಿಜಯವಾಡಕ್ಕೇ ಹೋಗಬೇಕು. ಬ್ಯಾಂಕಿನಲ್ಲಿ ಮಾರ್ಚ್ ತಿಂಗಳು ರಜೆ ಕೇಳಿದವನನ್ನು ಮ್ಯಾನೇಜರು ಲಾಕರು ಒಡೆಯಲು ಬಂದವನ ಹಾಗೆ ನೋಡುತ್ತಾರೆ. ಗೋಗರೆದಿದ್ದಕ್ಕೆ ಇವತ್ತು ಅರ್ಧ ದಿನ ಕೊಟ್ಟಿದ್ದರು. ಇವತ್ತು ಕೆಲಸ ಆಗದಿದ್ದರೆ ಮನೆಯಿರುವ ಎಂವಿಪಿ ಕಾಲೋನಿಯಿಂದ ಮಧುರವಾಡದ ಬ್ರಾಂಚಿಗೆ ದಿನಾ ಬಸ್ಸಿನ ಬಾಗಿಲಲ್ಲಿ ನೇತಾಡುವುದೇ ಗತಿ.

ಬೇಕಾದದ್ದು ಎರಡೇ: ಮನೆ ಮಾಲೀಕರ ಪತ್ರ, ಮತ್ತು ವಾರ್ಡ್ ಕಚೇರಿಯವರು ಮನೆ ನೋಡಿ ಹಾಕುವ ಸಹಿ.

ಮಾಲೀಕಳು ಸೀತಾಮಹಾಲಕ್ಷ್ಮಿ. ಎರಡು ಬೀದಿ ಸೇರುವ ಮೂಲೆಯ ಆ ಮನೆಯಲ್ಲಿ ಮುಂದಿನ ಭಾಗ ಆಕೆಯದು, ಹಿಂದಿನ ಭಾಗ ಶಂಕರಪ್ಪನ ಬಾಡಿಗೆ. ಆಕೆಯ ತವರು ಬಳ್ಳಾರಿ, ಗಂಡನ ಊರು ಇಲ್ಲೇ ಹತ್ತಿರದ ಭೀಮುನಿಪಟ್ಟಣ. ಹಾಗಾಗಿ ಆಕೆಗೆ ಎರಡು ಭಾಷೆಯಲ್ಲಿ ಇಲ್ಲವೆನ್ನಲು ಬರುತ್ತಿತ್ತು.

“ಪತ್ರವಾ? ಶಂಕರಪ್ಪಗಾರೂ, ಬಾಡಿಗೆಗೆ ಇರಿ. ಮನೆ ಮಾತ್ರ ಕೇಳಬೇಡಿ ಬಾಬು.”

“ನಾ ಮನಿ ಎಲ್ಲಿ ಕೇಳಿದೆನ್ರೀ ಅಮ್ಮಾ? ವಿಳಾಸ ಕೇಳಾಕತ್ತೀನಿ!”

“ಇವತ್ತು ವಿಳಾಸ ಅಂತಾರೆ. ನಾಳೆ ಅದೇ ಕಾರ್ಡು ಕೋರ್ಟಲ್ಲಿ ತೋರಿಸ್ತಾರೆ.”

ಪಕ್ಕದ ಮನೆಯ ಮಹಡಿಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ರಾಜ್ಯಲಕ್ಷ್ಮಿ ಗೋಡೆಯ ಮೇಲೆ ಬಗ್ಗಿದಳು. “ನಮ್ಮ ಅತ್ತಿಗೆಯ ಮನೇಲೂ ಹೀಗೇ ಆಯ್ತು. ಬಾಡಿಗೆಯವನು ಮೊದಲು ಗ್ಯಾಸಿಗೆ ವಿಳಾಸ ಕೇಳಿದ. ಆಮೇಲೆ ಹಿತ್ತಲಲ್ಲಿ ಬೋರು ಹಾಕಿಸಿದ!” ಆಕೆಯ ತೆಲುಗು ಶಂಕರಪ್ಪನಿಗೆ ಬೇರೆ ದಿನ ಅರ್ಧ ಅರ್ಥವಾಗುತ್ತಿತ್ತು. ಇವತ್ತು ಪೂರ್ತಿ ಅರ್ಥವಾಯಿತು.

ಎದುರು ಮನೆಯ ಜಗನ್ಮೋಹನ್, ನಿವೃತ್ತರು, ಪೇಪರು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿ ಬಂದರು. “ಬೇಕಿದ್ದರೆ ನನ್ನ ಮನೆ ವಿಳಾಸ ಹಾಕಿಕೊಳ್ಳಿ. ಯಾರಾದರೂ ಬಂದು ಕೇಳಿದರೆ ಮಾತ್ರ ನೀವು ಯಾರೋ ಗೊತ್ತಿಲ್ಲ ಅಂತೀನಿ.”

ಶಂಕರಪ್ಪನ ತಲೆ ಒಲೆಯ ಮೇಲೆ ಮರೆತ ಹಾಲಿನಂತೆ ಉಕ್ಕಿತು. ತಿಂಗಳು ಹುಟ್ಟುತ್ತಲೇ ಬಾಡಿಗೆ ಕೊಡುವವನು, ಬ್ಯಾಂಕಿನ ಅಧಿಕಾರಿ, ತಾನು ಮಲಗುವ ಜಾಗ ಯಾವುದೆಂದು ಹೇಳಲು ಊರಿನವರನ್ನೆಲ್ಲ ಬೇಡಬೇಕೇ?

“ಥೂ! ಈ ಗೇಟಿನಾಗ ಕಾಲಿಟ್ಟ ದಿನದಿಂದ ನನ್ನ ಒಂದ ಕೆಲಸ ಆಗಿಲ್ರೀ! ಪ್ರಮೋಶನ್ ಬರಲಿಲ್ಲ, ಮಗಳ ಕೆಮ್ಮು ಹೋಗವಲ್ದು, ಈಗ ಲೈಸೆನ್ಸೂ ಹೊಂಟತು!”

ಸೀತಾಮಹಾಲಕ್ಷ್ಮಿಯ ಮುಖದ ಬಣ್ಣ ಇಳಿಯಿತು. “ಈ ಗೇಟಿಂದಲೇ ಅಂತೀರಾ?”

“ಇದ ಗೇಟಿನಿಂದನ! ಇನ್ನೇನು?”

ಆಕೆ ಒಳಗೆ ಹೋಗಿ ಪತ್ರ ಬರೆದು ತಂದಳು. ಜೊತೆಗೆ ಒಂದು ಲೋಟ ಮಜ್ಜಿಗೆ. ಶಂಕರಪ್ಪನಿಗೆ ತನ್ನ ಮೇಲೇ ಬೇಜಾರಾಯಿತು. ಇಷ್ಟು ದಿನ ಸುಮ್ಮನೆ ಮರ್ಯಾದಸ್ಥನಾಗಿ ಇದ್ದೆನಲ್ಲ!

ಅದೇ ಹುರುಪಿನಲ್ಲಿ ವಾರ್ಡ್ ಕಚೇರಿಗೂ ಹೋದ. ಸಾಲು ಕರಗುವಷ್ಟರಲ್ಲಿ ಮೂರು ತಾಸು ಕಳೆಯಿತು. ಅಲ್ಲಿಯ ಸಾಯಿತೇಜ, ಕಿವಿಗೆ ಫೋನು ಅಂಟಿಸಿಕೊಂಡೇ ಕೆಲಸ ಮಾಡುವ ಹುಡುಗ, “ಇವತ್ತಾಗಲ್ಲ ಸರ್” ಎಂದ. ಶಂಕರಪ್ಪ ಅಲ್ಲೂ ಕೂಗಾಡಿ ಮೇಜು ಕುಟ್ಟಿದ. ಹುಡುಗ ಗಾಬರಿಯಾಗಿ ಎದ್ದು ಸ್ಕೂಟರಿನ ಹಿಂದೆ ಹತ್ತಿದ.

“ನೋಡದೆ ಸಹಿ ಹಾಕೋಕಾಗಲ್ಲ ಸರ್, ಮೂಲೆ ಮನೆ ಅಂತೀರಲ್ಲ,” ದಾರಿಯಲ್ಲಿ ತೆಲುಗಿನಲ್ಲಿ ಸಮಾಧಾನ ಹೇಳಿದ. “ಗೇಟು ಯಾವ ಬೀದಿಗಿದೆಯೋ ಮನೆ ನಂಬರೂ ಆ ಬೀದಿಯದೇ. ಗೇಟು ನೋಡಿದೆ, ಸಹಿ ಹಾಕಿದೆ, ಅಷ್ಟೇ.”

“ನೋಡ್ರಿ, ನೋಡ್ರಿ. ಗೇಟಿಗೇನು ಕಾಲು ಅದಾವೇನು, ಓಡಿಹೋಗಾಕ!”

ಬೀದಿ ತಿರುಗಿದಾಗ ಮನೆಯ ಮುಂದೆ ಜನ ಸೇರಿದ್ದರು. ಕಬ್ಬಿಣದ ಗೇಟು ಕಿತ್ತು ಗೋಡೆಗೆ ಒರಗಿತ್ತು. ಅದಿದ್ದ ಜಾಗದಲ್ಲಿ ಗಾರೆಯವನು ಸೊಂಟದೆತ್ತರ ಇಟ್ಟಿಗೆ ಕಟ್ಟಿದ್ದ. ಮೂಲೆಯ ಆಚೆ, ಪಕ್ಕದ ಬೀದಿಯ ಕಡೆ, ಕಾಂಪೌಂಡು ಒಡೆಯುವ ಸದ್ದು ಕೇಳುತ್ತಿತ್ತು. ಲಕ್ಷ್ಮೀ ಗೋಡೆಯ ಒಳಗೆ ನಿಂತು ಗಂಡನನ್ನು ಕಣ್ಣು ಬಿಟ್ಟು ನೋಡುತ್ತಿದ್ದಳು.

ಸೀತಾಮಹಾಲಕ್ಷ್ಮಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಎದುರು ಬಂದಳು. “ಬಂದ್ರಾ ಬಾಬು! ನೀವು ಹೇಳಿದ್ದು ನೂರಕ್ಕೆ ನೂರು ನಿಜ. ವಾಸ್ತು ನೋಡೋರನ್ನ ಆಗಲೇ ಕರೆಸಿದೆ. ಈ ಗೇಟು ಬಾಡಿಗೆಯವರಿಗೆ ಆಗಿಬರಲ್ಲವಂತೆ. ನಿಮಗೋಸ್ಕರಾನೇ ಆ ಬೀದಿಗೆ ತಿರುಗಿಸ್ತಿದ್ದೀನಿ.”

ಮಹಡಿಯ ಮೇಲಿಂದ ರಾಜ್ಯಲಕ್ಷ್ಮಿ, “ಇಂಥ ಮಾಲೀಕರು ಯಾರಿಗೆ ಸಿಗ್ತಾರೆ!” ಎಂದಳು.

ಸಾಯಿತೇಜ ಪತ್ರ ನೋಡಿದ, ಗೋಡೆ ನೋಡಿದ, ಪೆನ್ನಿಗೆ ಮುಚ್ಚಳ ಹಾಕಿದ. “ಈ ನಂಬರು ಇನ್ನು ನಡೆಯಲ್ಲ ಸರ್. ಹೊಸ ಗೇಟು ನಿಂತ ಮೇಲೆ ಆ ಬೀದಿಯ ನಂಬರಿಗೆ ಅರ್ಜಿ ಕೊಡಿ.”

“ಹೊಸಾ ಗೇಟು ಯಾವಾಗ ನಿಲ್ತೈತ್ರೀ ಅಮ್ಮಾ?”

“ಮುಚ್ಚೋದಕ್ಕೆ ಇವತ್ತು ಚೆನ್ನಾಗಿದೆ ಬಾಬು. ನಿಲ್ಲಿಸೋ ಮುಹೂರ್ತ ಮುಂದಿನ ತಿಂಗಳು.”

ಶಂಕರಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಕುಟ್ಟಲು ಮೇಜಿರಲಿಲ್ಲ. ಕೊನೆಗೆ ಗಾರೆಯವನ ಹತ್ತಿರ ಹೋಗಿ ಬಗ್ಗಿದ.

“ಅಣ್ಣಾ, ಇವರು ಸಹಿ ಹಾಕೂ ತನಕ ಸ್ವಲ್ಪ ನಿಲ್ಲಸ್ರಿ.”

ಗಾರೆಯವನು ಇನ್ನೊಂದು ಇಟ್ಟಿಗೆಗೆ ನೀರು ಚಿಮುಕಿಸಿದ.