ಎಳನೀರು ಬುರುಡೆಯ ವಾರಸುದಾರರು

ತಿಪಟೂರು ಪಕ್ಕದ ಬಿಳಿಗೆರೆಯ ನಮ್ಮ ಚಿಕ್ಕಪ್ಪನನ್ನು ಪ್ರವಾಸಕ್ಕೆ ಕರೆದೊಯ್ಯುವವರು ಮೊದಲು ಒಂದು ಲಾರಿ ಗೊತ್ತುಮಾಡಿಕೊಳ್ಳುವುದು ಕ್ಷೇಮ. ನಾನು ಕಾರಿನಲ್ಲಿ ಕರೆದೊಯ್ದು ಕೆಟ್ಟೆ!

ಅವರ ತೆಂಗಿನ ತೋಟದಲ್ಲಿ ಕಸವೆಂಬುದೇ ಇಲ್ಲ. ಮಟ್ಟೆ ಒಲೆಗೆ, ಗರಿಕಡ್ಡಿ ಪೊರಕೆಗೆ, ಬಚ್ಚಲ ನೀರು ಮರದ ಬುಡಕ್ಕೆ. ಚಿಕ್ಕಮ್ಮ ಒಂದು ಕರಟ ಬಿಸಾಡಿದರೂ ಮನೆಯಲ್ಲಿ ಪಂಚಾಯಿತಿ. ಇಂಥವರನ್ನು ಬೆಟ್ಟದ ತುದಿಯ ಹೋಟೆಲ್ಲಿಗೆ ಕರೆದೊಯ್ಯುವ ಬುದ್ಧಿ ನನಗೇಕೆ ಬಂತೋ! ಅಲ್ಲಿ ಸೂರ್ಯಾಸ್ತ ನೋಡಬೇಕೆಂಬುದು ನನ್ನ ಹೆಂಡತಿಯ ಬಹುಕಾಲದ ಆಸೆ. ನಮಗಿದ್ದದ್ದು ಒಂದೇ ಸಂಜೆ. ಹಿರಿಯರೂ ಬರಲಿ ಎಂದವಳೂ ಅವಳೇ.

ಸ್ನಾನಕ್ಕೆ ಹೋದ ಚಿಕ್ಕಪ್ಪ ಸೋಪು ಹಿಡಿದೇ ಹೊರಬಂದರು.

"ಈ ನೀರು ಯಾವ ಮರಕ್ಕೆ ಹೋಯ್ತದ್ಲಾ?"

"ಮರಕ್ಕಲ್ಲ ಚಿಕ್ಕಪ್ಪ, ಗುಂಡಿಗೆ."

"ಗುಂಡಿಗೆ ನೀರುಣ್ಸಕ್ಕೆ ನಾನ್ಯಾಕ್ಲಾ ಮೈ ತೊಳ್ಕೋಬೇಕು?"

ಸ್ನಾನ ರದ್ದಾಯಿತು.

ಆಮೇಲೆ ಎಳನೀರು ಬಂತು. "ಎಲ್ಲಿ ಕಾಯಪ್ಪ ಇದು?" ಎಂದು ಕೇಳಿದರು. ಮ್ಯಾನೇಜರು ಹೆಮ್ಮೆಯಿಂದ, "ತಿಪಟೂರಿಂದ ಲೋಡ್ ಬರುತ್ತೆ ಸಾರ್" ಎಂದ.

"ಕುಡ್ದ ಬುರುಡೆ ಏನ್ಮಾಡ್ತೀರಾ?"

ಆತ ಹಿತ್ತಲಿನತ್ತ ಕೈ ತೋರಿಸಿದ. ಅಷ್ಟೇ, ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಹೊರಟೇಬಿಟ್ಟರು!

ಇಳಿಜಾರಿನುದ್ದಕ್ಕೂ ಬುರುಡೆಗಳು. "ಕಾರಿಗೆ ತುಂಬ್ಲಾ, ತೋಟಕ್ಕೆ ಹಾಕಾನ" ಎಂದು ಅಪ್ಪಣೆಯಾಯಿತು. ಕಾರಿಗೆ! ನನ್ನ ಉತ್ತರಕ್ಕೆ ಕಾಯದೆ ಬುರುಡೆಗಳ ಜಾಡು ಹಿಡಿದು ಇಳಿದರು. ಅವರನ್ನು ಕರೆತರಲು ನಾನು ಇಳಿದೆ, ನನ್ನನ್ನು ಕರೆತರಲು ಹೆಂಡತಿ ಇಳಿದಳು. "ಸೂರ್ಯ ಮುಳುಗ್ತಾನೆ ಕಣ್ರೀ" ಎಂದು ಹಲ್ಲು ಕಡಿದಳು. ಅದನ್ನು ನನಗೆ ಹೇಳಿದರೆ ಏನು ಪ್ರಯೋಜನ?

ಕೆಳಗೊಂದು ಒರತೆ. ಉರುಳಿ ಬಂದ ಬುರುಡೆಗಳು ಅದರಲ್ಲೇ ಕೊಳೆತು ನಾರುತ್ತಿದ್ದವು. ಹೆಂಗಸೊಬ್ಬಳು ಅವನ್ನು ಬದಿಗೆ ಸರಿಸಿ ಬಿಂದಿಗೆ ಅದ್ದುತ್ತಿದ್ದಳು.

"ಕುಡಿಯಕ್ಕೂ ಇದೇ ನೀರೇನವ್ವಾ?"

"ಬೇರೆ ಎಲ್ಲೈತೆ ಸ್ವಾಮಿ? ಮೇಲಿನೋರಿಗೆ ಹೇಳಿ ಹೇಳಿ ಸಾಕಾಯ್ತು."

ಚಿಕ್ಕಪ್ಪ ಹೋಟೆಲಿನವರನ್ನು ಬೈಯುತ್ತಾರೆಂದು ಕಾದೆ. ಬೈದು ಮುಗಿಸಿದ್ದರೆ ಮೇಲೆ ಹೋಗಬಹುದಿತ್ತಲ್ಲ! ಅವರು ಆ ಹೆಂಗಸಿಗೆ ಕೈ ಮುಗಿದರು.

"ಇವು ನಮ್ಮೂರ ಕಾಯಿ ಕಣವ್ವಾ. ತಪ್ಪಾಯ್ತು."

ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಚಿಕ್ಕಪ್ಪ ನೀರಿಗೆ ಕಾಲಿಡುವಷ್ಟರಲ್ಲಿ ನನ್ನ ಹೆಂಡತಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿದಳು.

"ನೀವು ಮೇಲಿರಿ ಮಾವ, ಕಾಲು ಜಾರುತ್ತೆ" ಎಂದು ತಾನೇ ಒರತೆಗಿಳಿದಳು. ಒಂದೊಂದೇ ಬುರುಡೆ ಎತ್ತಿ ನನ್ನ ಕೈಗೆ ಕೊಡತೊಡಗಿದಳು. ಅವಳ ಬೆನ್ನ ಹಿಂದೆ ಆಕಾಶವೆಲ್ಲ ಕೆಂಪಾಗಿತ್ತು. ಅವಳು ತಿರುಗಿಯೂ ನೋಡಲಿಲ್ಲ.